ಚಳಿಗೊಂದು ಕುಂಚಿಗೆ

ನಮ್ಮ ಕಡೆಯ ಚಳಿಯನ್ನು ಚಳಿಯೆಂದು ಒಪ್ಪಿಕೊಳ್ಳಲು ಹೊರಗಿನವರು ಸಿದ್ಧರಿರುವುದಿಲ್ಲ. ಕಾಶ್ಮೀರದ ಹಿಮವನ್ನು, ದಿಲ್ಲಿಯ ಮಂಜನ್ನು ಕಂಡು ಬಂದವರಿಗೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹೇಮಂತ ಋತು ಒಂದು ವಿನೋದದಂತೆ ತೋರಿದರೆ ಆಶ್ಚರ್ಯವಿಲ್ಲ. ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಗಿಡಮರಗಳ ಮೇಲೆ ಬೆಳ್ಳನೆಯ ಹೊದಿಕೆ ಬೀಳುವುದಿಲ್ಲ. ಡಿಸೆಂಬರ್, ಜನವರಿ ತಿಂಗಳ ಬೆಳಗಿನಲ್ಲಿ ಉಷ್ಣತೆ 13-14 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿನಲ್ಲಿರುತ್ತದೆ. ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಮಧ್ಯಾಹ್ನವಾಗುತ್ತಲೇ ಅದೇ ಊರು 29-30 ಡಿಗ್ರಿಯ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕುಳಿತಿರುತ್ತದೆ.

ನಮ್ಮ ಚಳಿಯ ಸ್ವಭಾವವೇ ಇದು. ಇದು ಋತುವಿನ ಚಳಿಯೆನ್ನುವುದಕ್ಕಿಂತ ಹೊತ್ತಿನ ಚಳಿ. ದಿನಕ್ಕೆ ನಾಲ್ಕೈದು ತಾಸು ಬಂದು ಹೋಗುವ ಅತಿಥಿ. ಅತಿಥಿ ಹೇಗೂ ಹೊರಡುವವನು ಎಂಬ ಧೈರ್ಯದಿಂದ ನಾವು ಅವನಿಗಾಗಿ ಪ್ರತ್ಯೇಕ ಏರ್ಪಾಡನ್ನು ಮಾಡಿಕೊಳ್ಳುವುದಿಲ್ಲ. ಹಿಮ ಬೀಳುವ ನಾಡಿನವರು ಮನೆ ಕಟ್ಟುವಾಗಲೇ ಚಳಿಯ ವಿಚಾರ ಮಾಡುತ್ತಾರೆ. ನಾವು ಅಂಗಿ ಹೊಲಿಸುವಾಗಲೂ ಮಾಡುವುದಿಲ್ಲ. ‘ಬಿಸಿಲು ಬಂದ ಮೇಲೆ ಸರಿಹೋಗುತ್ತದೆ’ ಎಂಬುದು ನಮ್ಮ ಮನೆಮನೆಯ ಸಮಾಧಾನ. ಆದರೆ ಬಿಸಿಲು ಬರುವುದಕ್ಕಿಂತ ಮುಂಚಿನ ಆ ಹೊತ್ತು ಯಾರದು ಎಂಬುದನ್ನು ಕೊಂಚ ವಿಚಾರಿಸಿ ನೋಡಬೇಕು. ವೇಳೆ ಅನುಕೂಲವಿದ್ದ ದೊಡ್ಡವರು ಆಗ ಚಹದ ಬಟ್ಟಲನ್ನು ಎರಡು ಕೈಗಳಲ್ಲಿ ಹಿಡಿದು ಒಲೆಯ ಬದಿಯಲ್ಲಿರುತ್ತಾರೆ. ತೋಟದ ಮನೆಗಳಿಂದ ಕಾಲುದಾರಿ ಹಿಡಿದು ಬರುವ ಶಾಲೆಯ ಮಕ್ಕಳು, ಶನಿವಾರದ ಮುಂಜಾನೆಯ ಶಾಲೆಗೆ ಓಡುವ ಮಕ್ಕಳು, ಹೊಲದ ಬದುವಿನ ಮೇಲೆ ಎಚ್ಚರಗೊಳ್ಳುವ ಮಕ್ಕಳು, ಇವರು ಬಯಲಿನಲ್ಲಿರುತ್ತಾರೆ. ನಮ್ಮ ನಾಡಿನ ಚಳಿಯ ಹೆಚ್ಚಿನ ಪಾಲು ಮಕ್ಕಳ ಪಾಲಿಗೇ ಬಂದಿದೆ. ಆದ್ದರಿಂದ ಬಯಲಿಗೆ ಹೋಗುವ ಮಗುವನ್ನು ಬೆಚ್ಚಗೆ ಉಡಿಸುವುದು ಹೇಗೆ ಎಂಬ ಪ್ರಶ್ನೆ ಬರಿಯ ತಾಯಂದಿರ ಪ್ರಶ್ನೆಯಲ್ಲ. ಸಾಹಿತ್ಯವನ್ನು ಪಾಠ ಹೇಳಿಕೊಂಡು ಬಂದ ನನ್ನಂಥವನೂ ಎತ್ತಬಹುದಾದ ಪ್ರಶ್ನೆಯೆಂದು ಭಾವಿಸಿದ್ದೇನೆ.

‘ಆಡುವ ಮಕ್ಕಳಿಗೆ ಚಳಿ ಎಲ್ಲಿಯದು?’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ಅರ್ಧ ಸತ್ಯ. ಓಡುವ ಮಗುವಿನ ಸ್ನಾಯುಗಳು ಶಾಖವನ್ನು ಹುಟ್ಟಿಸುತ್ತವೆ ಎಂಬಷ್ಟರ ಮಟ್ಟಿಗೆ ಅದು ದಿಟ. ಆದರೆ ಮಗು ದೊಡ್ಡವರ ಚಿಕ್ಕ ಪ್ರತಿಯಲ್ಲ. ಒಂದು ತಪ್ಪಲೆ ತುಂಬ ಕಾಸಿದ ಹಾಲನ್ನೂ ಒಂದು ಬಟ್ಟಲು ಹಾಲನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಬಟ್ಟಲಿನದು ಮೊದಲು ಆರುತ್ತದೆ. ಒಳಗಿನ ಗಾತ್ರಕ್ಕೆ ಹೋಲಿಸಿದರೆ ಬಟ್ಟಲಿನ ಹೊರಮೈ ಹೆಚ್ಚು. ಮಗುವಿನ ದೇಹವೂ ಹಾಗೆಯೇ. ಅದು ಶಾಖವನ್ನು ಕಳೆದುಕೊಳ್ಳುವ ವೇಗ ನಮ್ಮದಕ್ಕಿಂತ ಹೆಚ್ಚು. ಹಸುಳೆಯ ಮೈಯ ಹೊರಭಾಗದಲ್ಲಿ ತಲೆಯೊಂದರ ಪಾಲೇ ಸುಮಾರು ಶೇಕಡ 18. ಬೆಳೆದವರಲ್ಲಿ ಅದು ಶೇಕಡ 9 ಮಾತ್ರ. ಆಗ ತಾನೇ ಹುಟ್ಟಿದ ಕೂಸಿಗೆ ನಮ್ಮಂತೆ ನಡುಗಿ ಶಾಖವನ್ನು ಹುಟ್ಟಿಸಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಅದರ ಕೊರಳ ಹಿಂದೆ, ಬೆನ್ನಿನ ಹೆಗಲೆಲುಬುಗಳ ನಡುವೆ ಕಂದುಬಣ್ಣದ ಒಂದು ಬಗೆಯ ಕೊಬ್ಬನ್ನು ಪ್ರಕೃತಿ ಕೂಡಿಸಿ ಇಟ್ಟಿದೆ. ಆ ಕೊಬ್ಬು ಕರಗಿ ಉರಿದು ಕೂಸನ್ನು ಬೆಚ್ಚಗಿಡುತ್ತದೆ. ಗಂಟು ಚಿಕ್ಕದು, ಬೇಗ ತೀರುತ್ತದೆ.

ಈ ಶಾಸ್ತ್ರವನ್ನೆಲ್ಲ ಓದದೆಯೇ ನಮ್ಮ ಅಜ್ಜಿಯಂದಿರು ಒಂದು ಉಡುಪನ್ನು ಮಾಡಿದ್ದರು, ಅದೇ ಕುಂಚಿಗೆ. ಇಂದಿನ ತರುಣ ಓದುಗರಲ್ಲಿ ಕೆಲವರಿಗೆ ಆ ಹೆಸರು ಮಾತ್ರ ಗೊತ್ತಿರಬಹುದು. ತಲೆಗೆ ಟೊಪ್ಪಿಗೆಯಂತೆ ಕೂತು, ಕಿವಿಗಳನ್ನು ಮುಚ್ಚಿ, ಗದ್ದದ ಕೆಳಗೆ ಕಟ್ಟಿಕೊಂಡು, ಹಿಂದೆ ಕೊರಳಿನಿಂದ ಬೆನ್ನಿನುದ್ದಕ್ಕೂ ಇಳಿಬೀಳುವ ಹೊದಿಕೆ ಅದು. ಬರಿಯ ತಲೆಗೆ ಕೂಡುವಂಥದು ಕುಲಾವಿ. ಕುಲಾವಿಯ ಹೆಸರು ಪಾರಸಿಯ ಕುಲಾಹ್ ಎಂಬ ಮಾತಿನಿಂದ ಬಂದದ್ದು. ದರಬಾರದ ಟೊಪ್ಪಿಗೆಯ ಹೆಸರು ತೊಟ್ಟಿಲಿಗೆ ಇಳಿದುಬಂದಿತು. ಕುಂಚಿಗೆಯನ್ನು ನಮ್ಮ ನೆರೆಯ ಮರಾಠಿ ಮನೆಗಳಲ್ಲಿ ಕುಂಚಿ ಎನ್ನುತ್ತಾರೆ. ಗಡಿಯ ಬಗೆಗೆ ನಾವು ಎಷ್ಟೇ ವಾದ ಮಾಡಿದರೂ ಕೂಸುಗಳ ತಲೆಯ ಮೇಲೆ ಎರಡು ಭಾಷೆಗಳೂ ಒಂದೇ ಬಟ್ಟೆಯನ್ನು ಹೊದಿಸಿವೆ. ಗುಳೇದಗುಡ್ಡದ ಖಣದ ತುಂಡು, ಹಳೆಯ ಇಳಕಲ್ಲ ಸೀರೆಯ ಸೆರಗು, ಅಂಚಿಗೆ ಒಂದಿಷ್ಟು ಜರಿ, ಒಳಗೆ ಮೆತ್ತನೆಯ ಹಳೆಯ ಧೋತರದ ಅಸ್ತರಿ. ನಮ್ಮ ಜೋಗುಳಗಳಲ್ಲಿ ಕುಂಚಿಗೆ ಕುಲಾವಿಗಳ ಮಾತು ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದ ಬೆಟಗೇರಿ ಕೃಷ್ಣಶರ್ಮರು ಯಾವ ಹಾಡುಗಬ್ಬಗಳನ್ನು ಪ್ರೀತಿಯಿಂದ ಸಂಗ್ರಹಿಸಿದರೋ, ಆ ಹಾಡುಗಳ ಲೋಕದಲ್ಲಿ ಮಗುವಿನ ಉಡುಪು ಅಲಂಕಾರವೂ ಹೌದು, ರಕ್ಷೆಯೂ ಹೌದು.

ಕುಂಚಿಗೆ ಏನನ್ನು ಮುಚ್ಚುತ್ತದೆ ಎಂಬುದನ್ನು ಮತ್ತೊಮ್ಮೆ ಗಮನಿಸಿರಿ: ತಲೆ, ಕಿವಿ, ಕೊರಳ ಹಿಂಭಾಗ, ಬೆನ್ನು. ಕೂಸಿನ ಶಾಖ ಎಲ್ಲಿ ಹುಟ್ಟುತ್ತದೆಯೋ ಎಲ್ಲಿಂದ ಹೆಚ್ಚಾಗಿ ಹೊರಟುಹೋಗುತ್ತದೆಯೋ ಆ ಎಡೆಗಳೇ ಅವು. ಇದು ಕಾಕತಾಳೀಯವೆಂದು ಬೇಕಾದವರು ಹೇಳಲಿ. ನೂರಾರು ಚಳಿಗಾಲಗಳ ಅನುಭವ ಹೊಲಿದ ಹೊಲಿಗೆಯೆಂದು ನಾನು ತಿಳಿಯುತ್ತೇನೆ. ಕುಂಚಿಗೆ ಏನನ್ನು ಮುಚ್ಚುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಅದು ಕೈಗಳನ್ನು ಕಟ್ಟುವುದಿಲ್ಲ. ಕೂಸು ಕೈಯಾಡಿಸಬಹುದು, ಅಂಬೆಗಾಲಿಡುವ ಮಗು ಅಂಗಳದ ತುಂಬ ಹರಿದಾಡಬಹುದು. ಬೆಚ್ಚಗಿಡುವುದು ಬೇರೆ, ಕಟ್ಟಿಹಾಕುವುದು ಬೇರೆ ಎಂಬ ವಿವೇಕ ಆ ಹೊಲಿಗೆಯಲ್ಲಿದೆ.

ಕೂಸು ಬೆಳೆದು ಬಯಲಿಗೆ ಬಿದ್ದ ಮೇಲೆ ಅದಕ್ಕೆ ಕಂಬಳಿಯ ಕೊಪ್ಪೆ. ಕಂಬಳಿಯನ್ನು ಮೂಲೆಗೆ ಮಡಿಚಿ ತಲೆಯ ಮೇಲೆ ಹಾಕಿಕೊಂಡರೆ ಅದೇ ಕುಂಚಿಗೆಯ ದೊಡ್ಡ ರೂಪವಾಗುತ್ತದೆ: ಮಳೆಗೆ ಛತ್ರಿ, ಚಳಿಗೆ ಹೊದಿಕೆ, ಬಿಸಿಲೇರಿದರೆ ಕೂಡಲು ಹಾಸಿಗೆ. ನಮ್ಮ ಸೀಮೆಯ ದಖ್ಖನಿ ಕುರಿಯ ಉಣ್ಣೆ ಕರಿದು, ಒರಟು. ಹಾಲುಮತದ ಕುರಿಗಾರರು ವರ್ಷಕ್ಕೆ ಎರಡು ಸಲ ಅದನ್ನು ಕತ್ತರಿಸುತ್ತಿದ್ದರು, ಹೆಂಗಸರು ನೂಲುತ್ತಿದ್ದರು, ಗಂಡಸರು ಕುಣಿಮಗ್ಗದಲ್ಲಿ ಕೂತು ನೇಯುತ್ತಿದ್ದರು. ಹುಣಸೆಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಅದಕ್ಕೆ ಹಾಕುತ್ತಿದ್ದರು. ಆ ಗಂಜಿಯಿಂದ ಕಂಬಳಿ ಬಿಗಿಯಾಗಿ, ಗಾಳಿಯನ್ನೂ ತುಂತುರನ್ನೂ ತಡೆಯುತ್ತಿತ್ತು. ನಾನು ಚಿಕ್ಕವನಿದ್ದಾಗ, 1960ರ ದಶಕದ ಕೊನೆಯಲ್ಲಿ, ಮೂಡಲಗಿಯ ಕಡೆಯ ಕರಿನೆಲದಲ್ಲಿ ಸೀತನಿಯ ಕಾಲಕ್ಕೆ ಬೆಳಗು ಹರಿಯುವ ಮೊದಲೇ ಹೊಲಕ್ಕೆ ಹೋಗುತ್ತಿದ್ದೆವು. ಹಸಿ ಜೋಳದ ತೆನೆ ಸುಡುವ ಬೆಂಕಿಯ ಸುತ್ತ ಕೂತ ಮಕ್ಕಳೆಲ್ಲ ದೂರದಿಂದ ನೋಡಿದರೆ ಚಿಕ್ಕ ಚಿಕ್ಕ ಕರಿಯ ಗುಡ್ಡಗಳಂತೆ ಕಾಣುತ್ತಿದ್ದರು. ಆ ಗುಡ್ಡಗಳಿಂದ ಆಗಾಗ ಒಂದೊಂದು ಕೈ ಹೊರಗೆ ಬಂದು ಬಿಸಿ ಕಾಳನ್ನು ಒಯ್ಯುತ್ತಿತ್ತು.

ಕಂಬಳಿ ಚುಚ್ಚುತ್ತದೆ ಎಂಬುದು ಅಂದಿನ ಮಕ್ಕಳ ದೂರು. ಅದಕ್ಕೆ ಉತ್ತರವಾಗಿ ಒಳಗೊಂದು ಹತ್ತಿಯ ಅಂಗಿ ಇರುತ್ತಿತ್ತು. ಇಲ್ಲಿಯೇ ನಮ್ಮ ನೆಲದ ಒಂದು ಸ್ವಾರಸ್ಯವಿದೆ. ಗೋಕಾಕದ ಬಳಿ ಘಟಪ್ರಭೆ 52 ಮೀಟರು ಧುಮುಕುವ ಎಡೆಯಲ್ಲಿ 1880ರ ದಶಕದಲ್ಲಿ ಹತ್ತಿಯ ನೂಲಿನ ಗಿರಣಿಯೊಂದು ಎದ್ದಿತು. ನದಿಯ ಬಲದಿಂದಲೇ ಕದಿರುಗಳು ತಿರುಗಿದವು. ಹೀಗೆ ಒಂದು ಕಡೆ ಗಿರಣಿಯ ಹತ್ತಿ, ಮತ್ತೊಂದು ಕಡೆ ಗುಡ್ಡಗಾವಲಿನ ಉಣ್ಣೆ, ಎರಡೂ ಒಂದು ದಿನದ ನಡಿಗೆಯ ಒಳಗೆ ಸಿಕ್ಕುವ ನಾಡು ನಮ್ಮದು. ಮಗುವಿನ ಬೆಚ್ಚನೆಯ ಉಡುಪಿಗೆ ಬೇಕಾದದ್ದೂ ಈ ಎರಡೇ: ಮೈಗೆ ತಾಗುವಲ್ಲಿ ಮೆತ್ತನೆಯ ಹತ್ತಿ, ಅದರ ಮೇಲೆ ಉಣ್ಣೆ.

ಉಡುಪು ನಮ್ಮನ್ನು ಹೇಗೆ ಬೆಚ್ಚಗಿಡುತ್ತದೆ? ಬಟ್ಟೆಗೆ ತನ್ನದೇ ಆದ ಶಾಖವಿಲ್ಲ. ಶಾಖ ಮೈಯದು; ಬಟ್ಟೆ ಮಾಡುವ ಕೆಲಸ ಕಾವಲುಗಾರನದು. ಅದು ಎಳೆಎಳೆಗಳ ನಡುವೆ ಗಾಳಿಯನ್ನು ಹಿಡಿದು ನಿಲ್ಲಿಸುತ್ತದೆ. ನಿಂತ ಗಾಳಿ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಆದ್ದರಿಂದಲೇ ಒಂದು ದಪ್ಪ ಅಂಗಿಗಿಂತ ಎರಡು ಮೂರು ತೆಳು ಅಂಗಿಗಳು ಲೇಸು. ಪದರು ಪದರಿನ ನಡುವೆಯೂ ಗಾಳಿ ನಿಲ್ಲುತ್ತದೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ನಮ್ಮ ಕೌದಿಯ ಗುಟ್ಟು ಇದೇ. ಆದರೆ ಈ ಕಾವಲುಗಾರನಿಗೆ ಇಬ್ಬರು ವೈರಿಗಳುಂಟು. ಒಬ್ಬ ಗಾಳಿ, ಇನ್ನೊಬ್ಬ ನೀರು. ಬೀಸುವ ಗಾಳಿ ನಿಂತ ಗಾಳಿಯನ್ನು ಓಡಿಸುತ್ತದೆ. ನೀರಂತೂ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗದಲ್ಲಿ ಶಾಖವನ್ನು ಒಯ್ಯುತ್ತದೆ. ಬೆವರಿನಿಂದಲೋ ಇಬ್ಬನಿಯಿಂದಲೋ ತೊಯ್ದ ಹತ್ತಿಯ ಅಂಗಿ ಕಾವಲು ಬಿಟ್ಟು ಕಳ್ಳನ ಕಡೆಗೇ ಸೇರಿಕೊಳ್ಳುತ್ತದೆ. ಉಣ್ಣೆಯ ಹಿರಿಮೆ ಇರುವುದು ಇಲ್ಲಿ. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಅದು ಒದ್ದೆಯೆಂದು ತೋರುವುದಿಲ್ಲ; ತೊಯ್ದಾಗಲೂ ಒಂದಿಷ್ಟು ಬೆಚ್ಚಗಿಡುತ್ತದೆ. ಈಗ ಸಂತೆಯಲ್ಲಿ ಸ್ವೆಟರೆಂದು ಸಿಗುವ ಬಹುಪಾಲು ಉಣ್ಣೆಯಲ್ಲ, ಕಲ್ಲೆಣ್ಣೆಯಿಂದ ತೆಗೆದ ಕ್ಯಾಶ್ಮಿಲಾನಿನಂಥ ದಾರ. ಅದು ನಿಷ್ಪ್ರಯೋಜಕವೆಂದು ನಾನು ಹೇಳುವುದಿಲ್ಲ. ಹಗುರ, ಅಗ್ಗ, ತೊಳೆಯಲು ಸುಲಭ. ಆದರೆ ಅದರ ಬಿಡಿ ಹೆಣಿಗೆಯಲ್ಲಿ ಗಾಳಿ ನೇರವಾಗಿ ನುಗ್ಗುತ್ತದೆ. ಅದರ ಮೇಲೆ ಬಿಗಿ ನೇಯ್ಗೆಯ ಇನ್ನೊಂದು ಅಂಗಿ ಇದ್ದರೆ ಅದೇ ಸ್ವೆಟರು ಎರಡು ಪಟ್ಟು ಕೆಲಸ ಮಾಡುತ್ತದೆ.

ಗಾಳಿಯ ಮಾತು ಬಂದುದರಿಂದ ನಮ್ಮ ದಾರಿಗಳಲ್ಲಿ ದಿನವೂ ಕಾಣುವ ಒಂದು ನೋಟವನ್ನು ಹೇಳುತ್ತೇನೆ. ಹಿಡಕಲ್ ಜಲಾಶಯದ ಕಡೆಯಿಂದ ಹುಕ್ಕೇರಿಗೆ, ಸಂಕೇಶ್ವರಕ್ಕೆ ಬೆಳಗಿನಲ್ಲಿ ಬರುವ ಮೋಟಾರು ಸೈಕಲ್ಲುಗಳನ್ನು ನೋಡಿರಿ. ತಂದೆ ಜಾಕೀಟು ತೊಟ್ಟು, ತಲೆಗೆ ಶಿರಸ್ತ್ರಾಣವಿಟ್ಟು ಕೂತಿರುತ್ತಾನೆ. ಅವನ ಮುಂದೆ, ಪೆಟ್ರೋಲು ಟಾಕಿಯ ಮೇಲೆ, ಬರಿಯ ಸಮವಸ್ತ್ರದ ಮಗು. ಹಿಂದೆ ಕೂತವರಿಗೆ ತಂದೆಯ ಬೆನ್ನು ಗೋಡೆಯಾದರೆ, ತಂದೆಗೆ ಮಗುವೇ ಗೋಡೆ. ಪ್ರೀತಿಗೆ ಕೊರತೆಯಿದ್ದು ಹೀಗಾಗಿದೆಯೆಂದು ಯಾರೂ ಹೇಳಲಾರರು. ತಾನು ಬೆಚ್ಚಗಿದ್ದವನಿಗೆ ಇನ್ನೊಬ್ಬರ ಚಳಿ ಹೊಳೆಯುವುದಿಲ್ಲ, ಅಷ್ಟೇ. ಮಗುವಿನ ಎದೆಗೆ ಒಂದು ಬಿಗಿ ನೇಯ್ಗೆಯ ಬಟ್ಟೆ, ಕಿವಿಗೆ ಟೊಪ್ಪಿಗೆ, ಕೈಗೆ ಒಂದು ಜೊತೆ ಚೀಲ ಇದ್ದರೆ ಆ ಪ್ರಯಾಣ ಶಿಕ್ಷೆಯಾಗದೆ ಸವಾರಿಯಾಗುತ್ತದೆ.

ಇನ್ನು ಇದಕ್ಕೆ ವಿರುದ್ಧವಾದ ಅತಿಯೊಂದಿದೆ. ನಮ್ಮ ಕೆಲವು ಮನೆಗಳಲ್ಲಿ ಚಳಿಗಾಲ ಬಂತೆಂದರೆ ಮಗುವನ್ನು ಗಂಟುಮೂಟೆಯಂತೆ ಸುತ್ತಿ ಕೋಣೆಯ ಒಳಗೆ ಕೂಡಿಸುತ್ತಾರೆ. ಹೊರಗಿನ ಗಾಳಿ ತಾಗಿದರೆ ನೆಗಡಿ ಬರುತ್ತದೆ ಎಂಬ ಭಯ. ನೆಗಡಿಯನ್ನು ತರುವುದು ವೈರಾಣು. ಕದವಿಕ್ಕಿದ, ಹೊಗೆ ತುಂಬಿದ, ಹತ್ತು ಜನ ಉಸಿರಾಡುವ ಕೋಣೆಯಲ್ಲಿ ಅದಕ್ಕೆ ಸುಗ್ಗಿ. ನಾರ್ವೆ, ಸ್ವೀಡನ್, ಡೆನ್ಮಾರ್ಕಿನಂಥ ಹಿಮದ ನಾಡುಗಳಲ್ಲಿ ಕೂಸುಗಳನ್ನು ಬೆಚ್ಚಗೆ ಹೊದಿಸಿ ಬಂಡಿಯಲ್ಲಿ ಹೊರಗಡೆಯೇ ಮಲಗಿಸುವ ರೂಢಿಯುಂಟು. ಕೆಟ್ಟ ಹವೆ ಎಂಬುದಿಲ್ಲ, ಕೆಟ್ಟ ಉಡುಪು ಎಂಬುದಿದೆ ಎಂಬ ಅರ್ಥದ ಗಾದೆ ಆ ಜನರಲ್ಲಿ ಬಳಕೆಯಲ್ಲಿದೆ. ಅವರಂತೆ ನಾವೂ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಹಿಮದಲ್ಲಿಯೂ ಬಯಲನ್ನು ಮಕ್ಕಳಿಗೆ ತೆರೆದಿಟ್ಟವರಿರುವಾಗ, ನಾಲ್ಕೈದು ತಾಸಿನ ಚಳಿಗೆ ಹೆದರಿ ನಾವು ಬಾಗಿಲಿಕ್ಕಬೇಕೆ ಎಂದಷ್ಟೇ ಕೇಳುತ್ತೇನೆ.

ಸುತ್ತುವುದರಲ್ಲಿಯೂ ಅಪಾಯವಿದೆ. ಬಿಸಿಲೇರಿದ ಮೇಲೂ ಸ್ವೆಟರು ತೊಟ್ಟು ಆಡುವ ಮಗು ಬೆವರುತ್ತದೆ. ಒಳಗಿನ ಅಂಗಿ ತೊಯ್ಯುತ್ತದೆ. ಸಂಜೆಯ ಗಾಳಿಗೆ ಅದೇ ತಣ್ಣಗಾಗಿ ಮೈಗೆ ಅಂಟುತ್ತದೆ. ನಮ್ಮ ಹವೆಗೆ ಸುಲಿಯಲು ಬರುವ ಉಡುಪು ಬೇಕು; ಈರುಳ್ಳಿಯಂತೆ, ಹೊತ್ತು ಏರಿದಂತೆ ಒಂದೊಂದೇ ಪದರು ಕಳಚಬೇಕು. ದೊಡ್ಡವರು ತಮಗೆ ಬೇಕೆನಿಸಿದ್ದಕ್ಕಿಂತ ಒಂದು ಪದರನ್ನು ಹೆಚ್ಚಾಗಿ ಕೂಸಿಗೆ ತೊಡಿಸಿದರೆ ಸಾಕು ಎಂಬುದು ವೈದ್ಯರು ಹೇಳುವ ಸುಲಭದ ಅಳತೆ. ಕೈಕಾಲು ಮುಟ್ಟಿ ನಿರ್ಣಯಿಸದೆ, ಕೊರಳ ಹಿಂದೆ ಅಂಗಿಯೊಳಗೆ ಎರಡು ಬೆರಳು ತೂರಿಸಿ ನೋಡಬೇಕು: ಅಲ್ಲಿ ಬೆಚ್ಚಗೆ, ಒಣಗಿದ್ದರೆ ಸರಿ, ಬೆವರಿದ್ದರೆ ಒಂದು ಪದರು ತೆಗೆಯಬೇಕು, ತಣ್ಣಗಿದ್ದರೆ ಒಂದು ಹೊದಿಸಬೇಕು. ಒಳಗೆ ಮಲಗಿದ ಹಸುಳೆಯ ಮುಖದ ಮೇಲೆ ಹೊದಿಕೆ ಬರಬಾರದು. ಆಡುವ ಮಗುವಿನ ಕೊರಳಲ್ಲಿ ಉದ್ದನೆಯ ಲಾಡಿ, ಮಫ್ಲರು ಜೋತಾಡಬಾರದು; ಜೋಕಾಲಿಗೆ, ಸೈಕಲ್ಲಿನ ಗಾಲಿಗೆ ಅದು ಸಿಕ್ಕೀತು. ಬೆಂಕಿ ಕಾಯಿಸುವಾಗ ನೈಲಾನು, ಪಾಲಿಯೆಸ್ಟರು ಬಟ್ಟೆಯ ಮಕ್ಕಳನ್ನು ದೂರವೇ ಕೂಡಿಸಬೇಕು. ಆ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಉಣ್ಣೆಗೆ ಬೆಂಕಿ ಬೇಗ ಹತ್ತುವುದಿಲ್ಲ. ಕಂಬಳಿಯನ್ನು ಬಲ್ಲ ನಮ್ಮ ಹಿರಿಯರಿಗೆ ಇದೂ ಗೊತ್ತಿತ್ತು. ಕದ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೇಗಡಿ ಇಟ್ಟು ಮಲಗುವುದಂತೂ ಕೂಡದು. ವಾಸನೆಯಿಲ್ಲದ ವಿಷಗಾಳಿ ಅದರಿಂದ ಏಳುತ್ತದೆ.

ಮೈಯೊಳಗಿನ ಒಲೆಗೆ ಕಟ್ಟಿಗೆಯೂ ಬೇಕಲ್ಲವೆ? ಬರಿ ಹೊಟ್ಟೆಯ ಮಗುವಿಗೆ ಎಷ್ಟು ಹೊದಿಸಿದರೂ ಬೆಚ್ಚಗಾಗದು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನು ಸಂಕ್ರಾಂತಿಯ ಸುಮಾರಿಗೆ ಮಾಡುವ ನಮ್ಮ ಪದ್ಧತಿಯೂ, ಬೆಲ್ಲ, ಅಂಟು, ಒಣಕೊಬ್ಬರಿಗಳಿಂದ ಕೂಡಿದ ಗೋಕಾಕದ ಕರದಂಟೂ ಚಳಿಗೆ ಸಲ್ಲುವ ಆಹಾರಗಳೇ. ಒಳಗಿನ ಅಂಗಿ ಕರದಂಟು, ಹೊರಗಿನ ಅಂಗಿ ಕಂಬಳಿ ಎಂದು ನಮ್ಮ ಸ್ನೇಹಿತರೊಬ್ಬರು ಹಾಸ್ಯ ಮಾಡುವುದುಂಟು. ಹಾಸ್ಯದಲ್ಲಿ ವೈದ್ಯವೂ ಇದೆ.

ಇಷ್ಟು ಮನೆಯ ಮಾತಾಯಿತು. ಶಾಲೆಯ ಮಾತಿಗೆ ಬರೋಣ. ಜನವರಿ 26ರ ಬೆಳಗಿನಲ್ಲಿ ನಮ್ಮ ಊರುಗಳ ಮಕ್ಕಳು ಪ್ರಭಾತಫೇರಿ ಮುಗಿಸಿ ಮೈದಾನದಲ್ಲಿ ಸಾಲಾಗಿ ನಿಂತಿರುತ್ತಾರೆ. ಒಗೆದು ಇಸ್ತ್ರಿ ಮಾಡಿದ ತೆಳುವಾದ ಬಿಳಿಯ ಅಂಗಿ. ಅತಿಥಿಗಳು ಬರುವುದು ಕೊಂಚ ತಡ. ಭಾಷಣಗಳು ಸಹ ಕೊಂಚ ಉದ್ದ. ಆ ಪೈಕಿ ಕೆಲವು ನನ್ನವೂ ಇದ್ದವು. ವೇದಿಕೆಯ ಮೇಲೆ ಶಾಲು ಹೊದ್ದು ಕೂತವರಿಗೆ ಕೆಳಗಿನ ಸಾಲುಗಳು ಶಿಸ್ತಿನಿಂದ ನಿಂತಿವೆಯೋ ಚಳಿಗೆ ಬಿಗಿದುಕೊಂಡು ನಿಂತಿವೆಯೋ ತಿಳಿಯುವುದಿಲ್ಲ. ನಮ್ಮ ಸರಕಾರ ಬಡ ಮಕ್ಕಳಿಗೆ ಸಮವಸ್ತ್ರವನ್ನು ಕೊಡುತ್ತದೆ. ಬೂಟು, ಕಾಲುಚೀಲಗಳನ್ನು ಕೊಡುವ ಯೋಜನೆಯೂ ಬಂದಿದೆ. ಒಳ್ಳೆಯ ಕೆಲಸಗಳು. ಇವುಗಳ ಜೊತೆಗೆ ಬೇಕಾದದ್ದು ಶಾಲೆಯ ಒಂದು ಚಿಕ್ಕ ಔದಾರ್ಯ. ಸ್ವೆಟರಿನ ಬಣ್ಣ ಬೇರೆಯೆಂಬ ಕಾರಣಕ್ಕೆ ಅದನ್ನು ತೆಗೆಸುವ ನಿಯಮ ಎಲ್ಲೆಲ್ಲಿ ಇದೆಯೋ ಅಲ್ಲಿ ಅದು ಸಡಿಲಬೇಕು. ಬಡವನ ಮನೆಯಲ್ಲಿ ಸ್ವೆಟರು ಒಂದೇ. ಅದು ಅಣ್ಣನಿಂದ ತಮ್ಮನಿಗೆ ಬಂದದ್ದು. ಅದರ ಬಣ್ಣವನ್ನು ಆರಿಸಿದವರು ಯಾರೂ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ದೊಡ್ಡವರಿಗೆ ಸರಿ. ಬೆಳೆಯುವ ಮಗುವಿನ ಕಾಲಿಗೆ ಅದು ಸಲ್ಲದು.

ಎಲ್ಲಕ್ಕೂ ಕೊನೆಯಲ್ಲಿ ಹೇಳಬೇಕೆಂದು ಉಳಿಸಿಕೊಂಡ ಮಾತೊಂದಿದೆ. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಅಣೆಕಟ್ಟು ಬಂತು, ಕಾಲುವೆ ಹರಿಯಿತು, ಜೋಳದ ನೆಲ ಕಬ್ಬಿನ ನೆಲವಾಯಿತು, ಸಕ್ಕರೆಯ ಕಾರಖಾನೆಗಳು ಎದ್ದವು. ಹುಕ್ಕೇರಿ, ಗೋಕಾಕ, ಮತ್ತು ಗೋಕಾಕದಿಂದ ಬೇರೆಯಾಗಿ ಈಚೆಗೆ ತಾನೇ ತಾಲ್ಲೂಕಾದ ಮೂಡಲಗಿ, ಈ ಮೂರರ ಸಿರಿಯೂ ಬಹುಮಟ್ಟಿಗೆ ಕಬ್ಬಿನದು. ಕಬ್ಬು ನುರಿಸುವ ಹಂಗಾಮು ಎಂದರೆ ನೇರವಾಗಿ ಚಳಿಗಾಲ. ದೀಪಾವಳಿಯ ಸುಮಾರಿಗೆ ಆರಂಭವಾಗಿ ಶಿವರಾತ್ರಿಯ ಸುತ್ತಮುತ್ತ ಮುಗಿಯುತ್ತದೆ. ಆಗ ವಿಜಯಪುರದ ಕಡೆಯಿಂದ, ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಸಂಸಾರಸಮೇತ ಬಂದು ಇಳಿಯುತ್ತವೆ. ಹೊಲದ ಬದಿಗೆ ರವದಿಯ ಗುಡಿಸಲು. ನಸುಕಿನಲ್ಲಿಯೇ ಕೆಲಸ. ಕೂಸುಗಳು ಬದುವಿನ ಮೇಲೆ, ಅದೇ ರವದಿಯ ಹಾಸಿಗೆಯಲ್ಲಿ. ನೀರುಂಡ ಹೊಲದ ಇಬ್ಬನಿ ಒಣಬೇಸಾಯದ ಹೊಲದ ಇಬ್ಬನಿಯಂತಲ್ಲ. ಬೆಳಗಿನಲ್ಲಿ ಎಲೆಯಿಂದ ಹನಿಯಾಗಿ ತೊಟ್ಟಿಕ್ಕುತ್ತದೆ.

ನಿವೃತ್ತಿಯ ಮೇಲೆ ನನಗೆ ಬೆಳಗಿನ ತಿರುಗಾಟದ ಅಭ್ಯಾಸ. ಕೆಲವು ವರ್ಷಗಳ ಹಿಂದೆ, ಒಂದು ಡಿಸೆಂಬರಿನಲ್ಲಿ, ಇಂಥದೊಂದು ಬದುವಿನ ಬಳಿ ವರ್ಷ ಒಂದೂವರೆಯ ಹೆಣ್ಣುಮಗು ಬರಿಮೈಯಲ್ಲಿ ಕೂತಿತ್ತು. ಪಕ್ಕದಲ್ಲೇ ಒಂದು ಗೂಟದ ಮೇಲೆ ಅದರ ಪುಟ್ಟ ಸ್ವೆಟರು ಹರವಿತ್ತು. ಕಬ್ಬಿನ ಹೊರೆ ಕಟ್ಟುತ್ತಿದ್ದ ತಾಯಿಗೆ ನಾನು, “ಯಾಕವ್ವಾ ತಂಗಿ, ಸ್ವೆಟರ ಇದ್ದೂ ಕೂಸಿಗೆ ಹಾಕಿಲ್ಲಲ್ಲ?” ಎಂದು ಕೇಳಿದೆ. ಕೇಳಿದ ದನಿಯಲ್ಲಿ ಮೇಷ್ಟರ ಗತ್ತು ಇದ್ದಿರಬೇಕು. ಅವಳು ಹೊರೆಯನ್ನು ಬಿಡದೆ ಹೇಳಿದಳು: “ಹಾಕಿದ್ನಿರಿ ಯಪ್ಪಾ. ರಾತ್ರಿ ಇಬ್ಬನಿಗೆ ತೊಯ್ದೈತಿ. ಇರೂದು ಅದೊಂದ ಐತ್ರಿ. ಬಿಸಲು ಬಂದ ಮ್ಯಾಲ ಒಣಗತೈತಿ, ಆಮ್ಯಾಲ ಹಾಕತೇನ್ರಿ.”

ಬಿಸಿಲು ಬಂದ ಮೇಲೆ ಆ ಸ್ವೆಟರಿನ ಅಗತ್ಯವೇ ಇರುವುದಿಲ್ಲ. ಅವಳಿಗೆ ಅದು ತಿಳಿಯದ್ದಲ್ಲ. ಒದ್ದೆಯ ಬಟ್ಟೆಗಿಂತ ಬರಿಮೈಯೇ ಮೇಲು ಎಂಬ ಲೆಕ್ಕ ಹಾಕಿ, ಇದ್ದ ಎರಡು ಕೆಡುಕುಗಳಲ್ಲಿ ಕಡಿಮೆಯದನ್ನು ಅವಳು ಆರಿಸಿದ್ದಳು. ನಾನು ಮೇಲೆ ಗಾಳಿಯೆಂದು, ನೀರೆಂದು, ಪದರೆಂದು ಬಿಡಿಸಿ ಹೇಳಿದ ಶಾಸ್ತ್ರವನ್ನೆಲ್ಲ ಆ ತಾಯಿ ಬಲ್ಲಳು. ಅವಳಲ್ಲಿ ಇಲ್ಲದಿದ್ದುದು ತಿಳಿವಳಿಕೆಯಲ್ಲ, ಎರಡನೆಯ ಸ್ವೆಟರು.

ಅಂದಿನಿಂದ ಈ ವಿಷಯವನ್ನು ನಾನು ನೋಡುವ ಬಗೆ ಬೇರೆಯಾಗಿದೆ. ಮಗುವನ್ನು ಬೆಚ್ಚಗಿಡುವುದೆಂದರೆ ಒಂದು ಬೆಚ್ಚನೆಯ ಬಟ್ಟೆ ಕೊಡುವುದೆಂದು ನಾವು ತಿಳಿಯುತ್ತೇವೆ. ಒಂದು ಬಟ್ಟೆ ದಾನಕ್ಕೆ ಸಾಕು, ಚಳಿಗೆ ಸಾಲದು. ಇರುವುದು ತೊಯ್ದಾಗ ತೊಡಲು ಒಣಗಿದ ಇನ್ನೊಂದು ಇದ್ದರೆ ಮಾತ್ರ ಮೊದಲನೆಯದು ಬಟ್ಟೆಯೆನ್ನಿಸಿಕೊಳ್ಳುತ್ತದೆ. ಉಳ್ಳವರ ಮನೆಯ ಮಗುವಿಗೂ ಬದುವಿನ ಮಗುವಿಗೂ ಇರುವ ಅಂತರ ಆ ಎರಡನೆಯ ಅಂಗಿಯದು.

ಏನು ಮಾಡಬಹುದು? ದೊಡ್ಡ ಯೋಜನೆಗಳನ್ನು ರೂಪಿಸುವ ಶಕ್ತಿ ನನ್ನದಲ್ಲ. ವಲಸೆ ಬಂದ ಕೂಲಿಕಾರರ ಮಕ್ಕಳಿಗಾಗಿ ಟೆಂಟು ಶಾಲೆಗಳೆಂಬ ಏರ್ಪಾಡು ನಮ್ಮ ರಾಜ್ಯದಲ್ಲಿ ಉಂಟು. ಕಬ್ಬಿನ ಹಂಗಾಮು ನಡೆಯುವ ಎಡೆಗಳಲ್ಲಿ ಅಂಥ ಶಾಲೆಯ ಒಂದು ಮೂಲೆಯಲ್ಲಿ ಒಣಗಿದ ಬಟ್ಟೆಗಳ ಪೆಟ್ಟಿಗೆಯೊಂದು ಇರಲಿ. ಗ್ಯಾಂಗನ್ನು ಕರೆತರುವ ಮುಕಾದಮನಿಗೆ ಮುಂಗಡ ಎಣಿಸುವ ಕಾರಖಾನೆ, ಕತ್ತಿಗಳ ಲೆಕ್ಕದೊಡನೆ ಕೂಸುಗಳ ಲೆಕ್ಕವನ್ನೂ ಕೇಳಿ, ತಲೆಗೆ ಎರಡರಂತೆ ಹೊದಿಕೆಗಳನ್ನು ಕೊಟ್ಟರೆ ಸಕ್ಕರೆಯ ಬೆಲೆ ಏರಿಹೋಗದು. ಚಳಿಗಾಲಕ್ಕೆ ನಮ್ಮ ಕಡೆಯ ಪಟ್ಟಣಗಳಲ್ಲಿ ಅಂಗಡಿ ಹೂಡುವ ಟಿಬೆಟದವರನ್ನು ನೀವು ಕಂಡಿರಬಹುದು. 1966ರಲ್ಲಿ ಮುಂಡಗೋಡದಲ್ಲಿ ನೆಲೆ ನಿಂತ ನಿರಾಶ್ರಿತರ ಮಕ್ಕಳು ಮೊಮ್ಮಕ್ಕಳು; ಲೂಧಿಯಾನದ ಸ್ವೆಟರುಗಳನ್ನು ತಂದು ಮಾರುತ್ತಾರೆ. ಅವರಲ್ಲಿ ಮನೆಯ ಮಗುವಿಗೆ ಕೊಳ್ಳುವಾಗ ಅದೇ ಅಳತೆಯ ಇನ್ನೊಂದನ್ನು ಬೇರೆ ಮಗುವಿಗೆಂದು ಕೊಳ್ಳಬಹುದು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಮಕ್ಕಳು ಇತ್ತ ಹೊದಿಕೆಯಿಲ್ಲದೆ ಕೂತಿರುವಾಗ ಅತ್ತ ನಮ್ಮ ಕುರಿಗಾರರು ಕತ್ತರಿಸಿದ ಉಣ್ಣೆಗೆ ಬೆಲೆಯಿಲ್ಲದೆ ಅದನ್ನು ಹೊಲದಲ್ಲೇ ಚೆಲ್ಲಿ ಮುಂದೆ ಹೋ��ುತ್ತಿದ್ದಾರೆ. ಮಗ್ಗಗಳು ಕಡಿಮೆಯಾಗಿವೆ, ಕಂಬಳಿಯನ್ನು ಕೇಳುವವರು ಕಡಿಮೆಯಾಗಿದ್ದಾರೆ. ಹೊರಗಿನಿಂದ ಬಂದ ದಾರದ ಸ್ವೆಟರಿಗೆ ನಾವು ಹಣ ಕೊಡುತ್ತೇವೆ. ತೊಯ್ದರೂ ಬೆಚ್ಚಗಿಡುವ ನಮ್ಮ ನೆಲದ ಉಣ್ಣೆ ನೆಲಕ್ಕೇ ಬೀಳುತ್ತದೆ. ರಾತ್ರಿಯ ಇಬ್ಬನಿಯಲ್ಲಿ ಗುಡಿಸಲಿನ ಮೇಲೆ, ಕೂಸಿನ ಹಾಸಿಗೆಯ ಮೇಲೆ ಒಂದೊಂದು ಕರಿಯ ಕಂಬಳಿ ಬಿದ್ದರೆ ನೇಕಾರನ ಮನೆಯಲ್ಲೂ ಒಲೆ ಉರಿದೀತು. ಇದು ಕೇವಲ ಭಾವುಕತೆಯ ಮಾತಲ್ಲ. ಒಂದು ತಾಲ್ಲೂಕಿನ ಉಣ್ಣೆಯನ್ನು ಅದೇ ತಾಲ್ಲೂಕಿನ ಚಳಿಗೆ ಒದಗಿಸುವ ಸರಳ ವ್ಯವಹಾರ.

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೊರಟುಹೋಗುತ್ತದೆ ಎಂದು ನಮ್ಮ ಜನ ಹೇಳುತ್ತಾರೆ. ಹೋಗುತ್ತದೆ, ನಿಜ. ಆದರೆ ದೀಪಾವಳಿಯಿಂದ ಅಲ್ಲಿಯವರೆಗೆ ನೂರು ಬೆಳಗುಗಳಿಗೆ ಕಡಿಮೆಯಿಲ್ಲ. ದೀಪಾವಳಿಗೆ ಮನೆ ಸಾರಿಸುವಾಗ ನಮ್ಮ ಟ್ರಂಕುಗಳ ಅಡಿಯಿಂದ, ಮಕ್ಕಳು ಬೆಳೆದು ಬಿಟ್ಟ ಚಿಕ್ಕ ಚಿಕ್ಕ ಅಂಗಿಗಳು, ಟೊಪ್ಪಿಗೆಗಳು, ಯಾರೋ ಅಜ್ಜಿ ಹೊಲಿದ ಕುಂಚಿಗೆಗಳು ಹೊರಗೆ ಬರುತ್ತವೆ. ಅವನ್ನು ಕೊಡವಿ, ಮುಟ್ಟಿ ನೋಡಿ, ನಿಟ್ಟುಸಿರು ಬಿಟ್ಟು ಮತ್ತೆ ಮಡಿಚಿ ಇಡುವುದು ವಾಡಿಕೆ. ಈ ವರ್ಷ ಒಂದನ್ನು ನೆನಪಿಗೆಂದು ಒಳಗಿಡಿರಿ. ಉಳಿದವನ್ನು ಒಗೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಕಬ್ಬಿನ ಬದುವಿನತ್ತ ಒಯ್ಯಿರಿ.